ಕೊಳ್ಳಬಹುದಾದದ್ದನ್ನು ಮಾಡಿಕೊಳ್ಳುವುದು

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ವಸ್ತುವೊಂದನ್ನು, ಅದಕ್ಕಿಂತ ಹೆಚ್ಚು ದುಡ್ಡು ಸುರಿದು, ವಾರಗಟ್ಟಲೆ ಬೆವರಿಳಿಸಿ ಮನೆಯಲ್ಲೇ ತಯಾರಿಸಿಕೊಳ್ಳುವವರನ್ನು ನಾವು ಏನೆಂದು ಕರೆಯಬೇಕು? ಹುಚ್ಚರೆನ್ನಬಹುದು. ಹಣ ಮತ್ತು ಬಿಡುವು ಎರಡೂ ಹೆಚ್ಚಾಗಿರುವವರ ಚಪಲವೆಂದು ತಳ್ಳಿಹಾಕಬಹುದು. ಅಥವಾ ಯಂತ್ರಯುಗದಲ್ಲಿ ಕೈಯ ಘನತೆಯನ್ನು ಉಳಿಸುತ್ತಿರುವ ಋಷಿಗಳೆಂದು ಹೊಗಳಬಹುದು. ಈ ಮೂರು ಉತ್ತರಗಳೂ ಸಲೀಸಾಗಿ ನಾಲಗೆಗೆ ಬರುತ್ತವೆ. ಸಲೀಸಾಗಿ ಬರುವ ಉತ್ತರಗಳ ಬಗ್ಗೆ ತುಸು ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು ಎಂದು ನಮಗನಿಸುತ್ತದೆ.

ಅಮೆರಿಕ, ಕೆನಡಾ ಮತ್ತು ಯುರೋಪಿನ ಹಿಮದ ನಾಡುಗಳಲ್ಲಿ ಮನೆಯ ಗ್ಯಾರೇಜಿನಲ್ಲಿ, ನೆಲಮಾಳಿಗೆಯಲ್ಲಿ ಸ್ಕೀ ಮತ್ತು ಸ್ನೋಬೋರ್ಡ್‌ಗಳನ್ನು ಸ್ವತಃ ತಯಾರಿಸಿಕೊಳ್ಳುವ ಜನರಿದ್ದಾರೆ. ಸ್ಕೀ ಎಂದರೆ ಹಿಮದ ಮೇಲೆ ಜಾರಲು ಒಂದೊಂದು ಕಾಲಿಗೆ ಒಂದೊಂದರಂತೆ ಕಟ್ಟಿಕೊಳ್ಳುವ ಉದ್ದನೆಯ ಪಟ್ಟಿ; ಸ್ನೋಬೋರ್ಡ್ ಎಂದರೆ ಎರಡೂ ಕಾಲುಗಳನ್ನು ಅಡ್ಡಲಾಗಿ ಇಟ್ಟು ನಿಲ್ಲುವ ಒಂದೇ ಅಗಲದ ಹಲಗೆ. ಹಿಮವನ್ನು ಫ್ರಿಜ್ಜಿನ ಮೇಲಿನ ಖಾನೆಯಲ್ಲಷ್ಟೇ ಕಂಡಿರುವ ನಮ್ಮಲ್ಲಿ ಹಲವರಿಗೆ ಗುಲ್ಮರ್ಗ್ ಅಥವಾ ಔಲಿಯ ಚಿತ್ರಗಳಿಂದ ಇವುಗಳ ಪರಿಚಯ ಇರಬಹುದು. ಹಿಮವೇ ಬೀಳದ ಊರಿನಲ್ಲಿ ಕುಳಿತು ಇದನ್ನು ಚರ್ಚಿಸುವುದು ಏಕೆ ಎಂದು ಓದುಗರು ಕೇಳಬಹುದು. ಹಲಗೆಯ ವಿಚಾರದಲ್ಲಿ ಏಳುವ ಪ್ರಶ್ನೆ ಹಲಗೆಗಷ್ಟೇ ಸೇರಿದ್ದಲ್ಲ, ಅದಕ್ಕೆ.

ಮೊದಲು ಕೆಲಸ ಎಂಥದ್ದು ಎಂಬುದನ್ನು ನೋಡೋಣ. ನೋಡದೆ ತೀರ್ಪು ಕೊಡುವುದು ಸರಿಯಲ್ಲ.

ಇಂದಿನ ಸ್ಕೀ ಒಂದೇ ಮರದ ತುಂಡಲ್ಲ. ಅದು ಪದರ ಪದರವಾಗಿ ಅಂಟಿಸಿದ ವಸ್ತು. ನಡುವೆ ಮರದ ತಿರುಳು. ಆಷ್, ಮೇಪಲ್, ಪಾಪ್ಲರ್ ಅಥವಾ ಬಿದಿರಿನ ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿ, ಪಾದ ನಿಲ್ಲುವಲ್ಲಿ ಹನ್ನೊಂದು ಹನ್ನೆರಡು ಮಿಲಿಮೀಟರ್ ದಪ್ಪ, ತುದಿಗಳಲ್ಲಿ ಎರಡು ಮಿಲಿಮೀಟರಿನ ಆಸುಪಾಸು ಬರುವಂತೆ ಕೆತ್ತುತ್ತಾರೆ. ಅರ್ಧ ಮಿಲಿಮೀಟರ್ ಹೆಚ್ಚು ಉಜ್ಜಿದರೆ ಸ್ಕೀ ಬಳುಕುವ ರೀತಿಯೇ ಬದಲಾಗುತ್ತದೆ. ತಿರುಳಿನ ಮೇಲೂ ಕೆಳಗೂ ಎಪಾಕ್ಸಿ ಅಂಟಿನಲ್ಲಿ ನೆನೆಸಿದ ಫೈಬರ್‌ಗ್ಲಾಸ್ ಬಟ್ಟೆ. ಎಲ್ಲಕ್ಕಿಂತ ಕೆಳಗೆ ಹಿಮಕ್ಕೆ ತಾಗುವ ಪಾಲಿಥೀನಿನ ತಳ. ಈ ತಳದ ಸುತ್ತ, ಗಟ್ಟಿ ಹಿಮವನ್ನು ಕಚ್ಚಿ ಹಿಡಿಯಲು, ಉಕ್ಕಿನ ತೆಳ್ಳನೆಯ ಅಂಚು. ಈ ಅಂಚನ್ನು ತಳದ ವಕ್ರರೇಖೆಗೆ ಸರಿಯಾಗಿ ಕೈಯಿಂದಲೇ ಬಗ್ಗಿಸಿ ಕೂರಿಸುವುದಕ್ಕೆ ಒಂದು ಸಂಜೆ ಪೂರ್ತಿ ಬೇಕಾಗುತ್ತದೆ. ಬಗ್ಗಿಸುವಾಗ ಅದು ತಿರುಚಿಕೊಂಡರೆ ಮತ್ತೆ ಮೊದಲಿನಿಂದ.

ಪದರಗಳನ್ನು ಜೋಡಿಸಿದ ಮೇಲೆ ಅಂಟು ಒಣಗುವ ತನಕ ಎಲ್ಲವನ್ನೂ ಒಂದೇ ಸಮನೆ ಒತ್ತಿ ಹಿಡಿಯಬೇಕು. ಕಾರ್ಖಾನೆಯಲ್ಲಿ ಇದಕ್ಕೆ ಲಕ್ಷಾಂತರ ರೂಪಾಯಿಯ ಯಂತ್ರವಿದೆ. ಮನೆಯವರು ಕಂಡುಕೊಂಡ ಉಪಾಯ ಬೇರೆ. ಕಬ್ಬಿಣದ ತೊಲೆಗಳ ಚೌಕಟ್ಟು ಕಟ್ಟಿ, ಅದರ ನಡುವೆ ಅಗ್ನಿಶಾಮಕ ದಳದವರು ಬಳಸುವಂತಹ ಕ್ಯಾನ್ವಾಸ್ ಪೈಪುಗಳನ್ನು ಮಲಗಿಸಿ, ಅವುಗಳಿಗೆ ಗಾಳಿ ತುಂಬುತ್ತಾರೆ. ಉಬ್ಬಿದ ಪೈಪು ಹಲಗೆಯನ್ನು ಅಚ್ಚಿನ ಮೇಲೆ ಒತ್ತುತ್ತದೆ. ಕೇಳಲು ಮಕ್ಕಳಾಟದಂತಿದೆ. ಆದರೆ ಲೆಕ್ಕ ಹಾಕಿ: 160 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಒಂದು ಸ್ನೋಬೋರ್ಡಿನ ಮೇಲೆ ಚದರ ಅಂಗುಲಕ್ಕೆ 40 ಪೌಂಡಿನಷ್ಟು ಒತ್ತಡ ಹಾಕಿದರೆ ಒಟ್ಟು ಭಾರ 13 ಟನ್ನಿಗೂ ಮಿಗಿಲು. ಬೆಸುಗೆ ಕಳಪೆಯಾಗಿದ್ದರೆ ಆ ಚೌಕಟ್ಟು ಹಲಗೆಯ ಜೊತೆಗೆ ಪಕ್ಕದಲ್ಲಿ ನಿಂತವನ ಕೈಕಾಲನ್ನೂ ಮುರಿಯಬಲ್ಲದು. ಎಪಾಕ್ಸಿ ಅಂಟು ಬರಿಗೈಗೆ ಮತ್ತೆ ಮತ್ತೆ ತಗಲಿದರೆ ಕೆಲವರ ಚರ್ಮಕ್ಕೆ ಜೀವನಪೂರ್ತಿ ಬಿಡದ ಅಲರ್ಜಿ ಹತ್ತಿಕೊಳ್ಳುತ್ತದೆ. ಗಾಜಿನ ನಾರಿನ ಧೂಳು ಶ್ವಾಸಕ್ಕೆ ಕೆಟ್ಟದ್ದು. ಇದು ಶನಿವಾರದ ಮಧ್ಯಾಹ್ನದ ಲಘು ಹವ್ಯಾಸವಲ್ಲ.

ಉಳಿತಾಯದ ಮಾತಂತೂ ಇಲ್ಲವೇ ಇಲ್ಲ. ಪ್ರೆಸ್ಸು, ಅಚ್ಚು, ಕೆಟ್ಟುಹೋದ ಮೊದಲ ಪ್ರಯತ್ನಗಳು, ಇವೆಲ್ಲವನ್ನೂ ಲೆಕ್ಕ ಹಿಡಿದರೆ ಮನೆಯಲ್ಲಿ ಮಾಡಿದ ಮೊದಲ ಜೋಡಿಯ ಬೆಲೆಯಲ್ಲಿ ಅಂಗಡಿಯ ಹಲವು ಜೋಡಿಗಳು ಬಂದಾವು.

ಹಾಗಾದರೆ ಏಕೆ? "ಸಂತೋಷಕ್ಕಾಗಿ" ಎಂಬುದು ಅವರ ಸಾಮಾನ್ಯ ಉತ್ತರ. ಅದು ಸುಳ್ಳಲ್ಲ. ಆದರೆ ಸಂತೋಷ ಎಂಬ ಮಾತು ನೈತಿಕ ಪ್ರಶ್ನೆಯನ್ನು ಮುಗಿಸುವುದಿಲ್ಲ. ಯಾರ ಸಂತೋಷ, ಯಾವುದರ ನೆರಳಿನಲ್ಲಿ ಎಂಬುದನ್ನೂ ಕೇಳಬೇಕಾಗುತ್ತದೆ.

ಅಫಘಾನಿಸ್ತಾನದ ಬಾಮಿಯಾನ್ ಕಣಿವೆಯನ್ನು ನಮ್ಮ ಓದುಗರು ಮರೆತಿರಲಾರರು. 2001ರ ಮಾರ್ಚಿನಲ್ಲಿ ತಾಲಿಬಾನ್ ಸ್ಫೋಟಿಸಿ ಕೆಡವಿದ ಬುದ್ಧ ಪ್ರತಿಮೆಗಳಿದ್ದ ಊರು ಅದು. ಸಮುದ್ರಮಟ್ಟದಿಂದ ಸುಮಾರು 2,500 ಮೀಟರ್ ಎತ್ತರ, ಬೆನ್ನಿಗೆ ಕೋಹ್-ಎ-ಬಾಬಾ ಪರ್ವತಸಾಲು, ಚಳಿಗಾಲವಿಡೀ ಹಿಮ. ಮುಂದಿನ ದಶಕದಲ್ಲಿ ಅಲ್ಲಿಗೆ ಹೊರಗಿನಿಂದ ಸ್ಕೀ ಬಂತು. 2011ರಲ್ಲಿ ಅಫಘಾನ್ ಸ್ಕೀ ಚಾಲೆಂಜ್ ಎಂಬ ಸ್ಪರ್ಧೆ ಆರಂಭವಾಯಿತು. ಬೆಟ್ಟ ಹತ್ತಿಸಲು ಯಾವ ತೂಗುಕುರ್ಚಿಯೂ ಇಲ್ಲದ ಕಾರಣ ಮೊದಲು ಕಾಲ್ನಡಿಗೆಯಲ್ಲಿ ಹತ್ತಬೇಕು, ಆಮೇಲೆ ಇಳಿಯಬೇಕು. ವಿದೇಶಿಗಳ ಸ್ಕೀ ನೋಡಿದ ಸುತ್ತಲಿನ ಹಳ್ಳಿಯ ಹುಡುಗರು ಹಲಗೆ ಕೊಯ್ದು, ಮುಂತುದಿ ಬಗ್ಗಿಸಿ, ಸಿಕ್ಕಿದ ತಗಡು ಬಡಿದು ತಮ್ಮದೇ ಸ್ಕೀ ಮಾಡಿಕೊಂಡರು. ಪದರಗಳಿಲ್ಲ, ಅಂಟಿಲ್ಲ, ಪ್ರೆಸ್ಸಿಲ್ಲ.

ಈಗ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಡಿ. ಒಂದೆಡೆ ಬೆಚ್ಚನೆಯ ಗ್ಯಾರೇಜಿನಲ್ಲಿ ಕಾರ್ಖಾನೆಯ ಸ್ಕೀ ಬೇಡವೆಂದು ತನ್ನದನ್ನು ಕೆತ್ತುವ ಎಂಜಿನಿಯರು. ಇನ್ನೊಂದೆಡೆ ಕಾರ್ಖಾನೆಯ ಸ್ಕೀ ಸಿಗದೆ ತನ್ನದನ್ನು ಕೆತ್ತುವ ಹುಡುಗ. ಕೈ ಮಾಡುತ್ತಿರುವ ಕೆಲಸ ಒಂದೇ. ಆದರೆ ಒಬ್ಬನದು ಪತ್ರಿಕೆಯ ಜೀವನಶೈಲಿ ಪುಟಕ್ಕೆ ಹೋಗುತ್ತದೆ, ಇನ್ನೊಬ್ಬನದು ಬಡತನದ ವರದಿಗೆ. ಬಾಮಿಯಾನಿನ ಹುಡುಗನನ್ನು ಕೇಳಿದರೆ ತನ್ನ ಹಲಗೆಯನ್ನು ಕೊಟ್ಟು ಕಾರ್ಖಾನೆಯ ಜೋಡಿಯನ್ನು ಮರುಮಾತಿಲ್ಲದೆ ತೆಗೆದುಕೊಂಡಾನು. ಅವನ ಹಲಗೆಯ ಸರಳ ಸೌಂದರ್ಯವನ್ನು ದೂರದಿಂದ ಹೊಗಳುವುದು ನಮಗೆ ಸುಲಭ, ಏಕೆಂದರೆ ಅದರ ಮೇಲೆ ನಿಂತು ಬೀಳುವವರು ನಾವಲ್ಲ. ಸ್ಟೀಲ್ ಪಾತ್ರೆಗೆ ಆಸೆಪಡುವ ಹಳ್ಳಿಯ ಹೆಂಗಸಿಗೆ ಪೇಟೆಯಿಂದ ಬಂದವರು ಮಣ್ಣಿನ ಮಡಕೆಯ ಮಹಿಮೆ ಹೇಳುವುದನ್ನು ನಾವು ಇಲ್ಲಿಯೂ ಕಂಡಿದ್ದೇವೆ.

ಈ ವಾದ ನಮ್ಮ ದೇಶಕ್ಕೆ ಹೊಸದಲ್ಲ. 1925ರಲ್ಲಿ ರವೀಂದ್ರನಾಥ ಟಾಗೋರರು ಮಾಡರ್ನ್ ರಿವ್ಯೂ ಪತ್ರಿಕೆಯಲ್ಲಿ ಚರಕದ ಆರಾಧನೆಯನ್ನು ಪ್ರಶ್ನಿಸಿ ಬರೆದರು. ಗಾಂಧೀಜಿ ಅದೇ ವರ್ಷ ಯಂಗ್ ಇಂಡಿಯಾದಲ್ಲಿ ಉತ್ತರಿಸಿದರು. ಎಲ್ಲರೂ ಒಂದೇ ಚಕ್ರವನ್ನು ಒಂದೇ ರೀತಿ ತಿರುಗಿಸುತ್ತಿದ್ದರೆ ಮನಸ್ಸು ಜಡವಾಗುತ್ತದೆ ಎಂಬುದು ಕವಿಯ ಆತಂಕ. ಹೊಟ್ಟೆಗಿಲ್ಲದವನಿಗೆ ಕೆಲಸವೇ ಮೊದಲ ಅಗತ್ಯ ಎಂಬುದು ಗಾಂಧಿಯ ಮರುಮಾತು. ಇಬ್ಬರೂ ಕೈಕೆಲಸದ ಬಗ್ಗೆ ಮಾತಾಡುತ್ತಿದ್ದರು ಎಂದುಕೊಳ್ಳುತ್ತೇವೆ. ಗಮನಿಸಿದರೆ ಇಬ್ಬರ ಮಾತೂ ಆಯ್ಕೆಯ ಸುತ್ತಲೇ ಸುತ್ತುತ್ತದೆ: ಕೆಲಸ ಯಾರದು, ಬೇಡವೆನ್ನುವ ಅವಕಾಶ ಅವರಿಗಿದೆಯೇ ಎಂಬುದರ ಸುತ್ತ. ಗ್ಯಾರೇಜಿನ ಎಂಜಿನಿಯರಿಗೆ ಬೇಸರವಾದ ದಿನ ಅವನು ದೀಪ ಆರಿಸಿ ಮೇಲೆ ಹೋಗಿ ಮಲಗಬಹುದು. ಹಾಗಾಗಿ ಅವನ ಶ್ರಮಕ್ಕೆ ಶ್ರಮದ ಪುಣ್ಯವನ್ನೆಲ್ಲ ಕಟ್ಟಿಕೊಡಲು ನಾವು ಸಿದ್ಧರಿಲ್ಲ. ಆದರೆ ಅವನದನ್ನು ಬರಿಯ ಚಪಲವೆಂದು ಬಿಟ್ಟುಬಿಡಲೂ ಮನಸ್ಸು ಒಪ್ಪುವುದಿಲ್ಲ. ಕಾರಣ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸ್ಕೀ ಆಟದ ವಸ್ತುವಾದದ್ದು ತೀರ ಇತ್ತೀಚೆಗೆ. ನಾರ್ವೆಯ ಡಿಗರ್‌ವಾರ್ಡೆನ್ ಎಂಬಲ್ಲಿ ಪರ್ವತದ ಮಂಜುಗಡ್ಡೆ ಕರಗಿದಾಗ 2014ರಲ್ಲಿ ಒಂದು ಸ್ಕೀ ಸಿಕ್ಕಿತು. ಏಳು ವರ್ಷಗಳ ನಂತರ, 2021ರಲ್ಲಿ, ಅಲ್ಲೇ ಕೆಲವೇ ಮೀಟರ್ ದೂರದಲ್ಲಿ ಅದರ ಜೊತೆಗಾರ ಸಿಕ್ಕಿತು. ಸುಮಾರು 1,300 ವರ್ಷ ಹಳೆಯ ಜೋಡಿ. ಎರಡನೆಯದು 187 ಸೆಂಟಿಮೀಟರ್ ಉದ್ದ, 17 ಸೆಂಟಿಮೀಟರ್ ಅಗಲ. ಪಾದ ಕಟ್ಟುವ ಬರ್ಚ್ ಬಳ್ಳಿಯ ಹೊಸೆತ, ಚರ್ಮದ ಪಟ್ಟಿ ಇನ್ನೂ ಉಳಿದಿದ್ದವು. ನಮ್ಮನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೆಯೇ ಇದೆ. ಎರಡು ಸ್ಕೀಗಳು ಒಂದೇ ಅಳತೆಯವಲ್ಲ. ಎರಡೂ ಬೇರೆ ಬೇರೆಯಾಗಿ ಸವೆದು, ಬೇರೆ ಬೇರೆಯಾಗಿ ರಿಪೇರಿಯಾಗಿ, ಕೊನೆಗೆ ಯಾರೋ ಒಬ್ಬನ ಕಾಲಿನಲ್ಲಿ ಜೋಡಿಯಾದವು. ಒಂದು ಮುರಿದಾಗ ಎರಡನ್ನೂ ಎಸೆಯುವ ಯೋಚನೆ ಅವನಿಗೆ ಬರಲಿಲ್ಲ. ಅಷ್ಟು ಹಳೆಯ ಹಲಗೆ ನಮ್ಮ ಕೈಗೆ ಸಿಕ್ಕಿದ್ದು ಭೂಮಿ ಬಿಸಿಯೇರಿ ಹಿಮ ಕರಗುತ್ತಿರುವುದರಿಂದ ಎಂಬುದು ಇನ್ನೊಂದು ವಿಪರ್ಯಾಸ.

ಹದಿನಾಲ್ಕನೇ ಶತಮಾನದ ಆರಂಭದಲ್ಲಿ ಇಲ್ಖಾನ್ ದೊರೆಗಳ ವಜೀರನಾಗಿದ್ದ ಪಾರಸಿ ಇತಿಹಾಸಕಾರ ರಶೀದುದ್ದೀನ್, ತನ್ನ ಜಾಮಿ ಅತ್ತವಾರೀಖ್ ಗ್ರಂಥದಲ್ಲಿ ಕಾಡಿನ ಉರಿಯಾಂಖಾಯ್ ಜನ ಹಲಗೆ ಕಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು, ನೀರಿನಲ್ಲಿ ದೋಣಿ ನಡೆಸುವಂತೆ ಹಿಮದಲ್ಲಿ ಸಾಗಿ ಬೇಟೆಯಾಡುವುದನ್ನು ವಿವರಿಸಿದ್ದಾನೆ. ಇದನ್ನು ನೋಡದವರು ನಂಬಲಾರರು ಎಂದು ಅವನಿಗೂ ಅನಿಸಿದ್ದರೆ ಆಶ್ಚರ್ಯವಿಲ್ಲ. ಅದೇ ಸೀಮೆಗೆ ಹತ್ತಿರದ ಅಲ್ತಾಯ್ ಬೆಟ್ಟಗಳಲ್ಲಿ, ಇಂದಿನ ಚೀನಾದ ಶಿನ್‌ಜಿಯಾಂಗಿನ ಉತ್ತರದಲ್ಲಿ, ತುವಾ ಮತ್ತು ಕಜಾಕ್ ಜನ ಈಗಲೂ ಕೈಯಿಂದ ಸ್ಕೀ ಮಾಡುತ್ತಾರೆ. ಸ್ಪ್ರೂಸ್ ಮರವನ್ನು ಸೀಳಿ, ತೆಳ್ಳಗೆ ಕೆತ್ತಿ, ಮುಂತುದಿಯನ್ನು ಬಿಸಿಗೆ ಬಗ್ಗಿಸಿ, ತಳಕ್ಕೆ ಕುದುರೆಯ ಚರ್ಮ ಬಡಿಯುತ್ತಾರೆ. ಚರ್ಮದ ಕೂದಲು ಹಿಂದಕ್ಕೆ ಮಲಗಿರಬೇಕು. ಇಳಿಯುವಾಗ ಅದು ನಯವಾಗಿ ಜಾರುತ್ತದೆ; ಹತ್ತುವಾಗ ಕೂದಲು ಎದ್ದು ಹಿಮವನ್ನು ಹಿಡಿಯುತ್ತದೆ. ಎಪಾಕ್ಸಿಯೂ ಇಲ್ಲ, ಉಕ್ಕಿನ ಅಂಚೂ ಇಲ್ಲ. ಹರಿದರೆ ಇನ್ನೊಂದು ಚರ್ಮ.

ಇಬ್ನ್ ಖಲ್ದೂನ್ ತನ್ನ ಮುಕದ್ದಿಮಾದಲ್ಲಿ (1377) ಕಸುಬುಗಳಿಗೆ ದೊಡ್ಡ ಜಾಗ ಕೊಟ್ಟಿದ್ದಾನೆ. ಕಸುಬು ಎಂದರೆ ಕ್ರಿಯೆ ಮತ್ತು ಚಿಂತನೆ ಎರಡರಲ್ಲೂ ಬೇರೂರಿದ ರೂಢಿ ಎಂಬುದು ಅವನ ತಿಳುವಳಿಕೆ. ಅದು ಮತ್ತೆ ಮತ್ತೆ ಮಾಡಿಯೇ ಒಳಗಿಳಿಯಬೇಕು, ಕಣ್ಣೆದುರು ಮಾಡಿ ತೋರಿಸುವ ಗುರುವಿನಿಂದ ಬರಬೇಕು. ಅವನಿಗೂ ಬಹಳ ಹಿಂದೆ ಪ್ಲೇಟೋ ಇನ್ನೊಂದು ಮಾತು ಎತ್ತಿದ್ದ. ಕೊಳಲು ಚೆನ್ನಾಗಿದೆಯೇ ಎಂದು ಬಲ್ಲವನು ಮಾಡಿದವನಲ್ಲ, ನುಡಿಸುವವನು. ಮಾಡುವವನು ನುಡಿಸುವವನ ಮಾತನ್ನು ನಂಬಿ ನಡೆಯುತ್ತಾನೆ ಎಂದು. ಮಾಡುವವರು ಒಂದು ಕಡೆ, ಬಳಸುವವರು ಇನ್ನೊಂದು ಕಡೆ ಇರುವ ಸಮಾಜದಲ್ಲಿ ಈ ಮಾತು ನಿಜ. ಕಾರ್ಖಾನೆಗಳ ಕಾಲದಲ್ಲಿ ಇನ್ನೂ ನಿಜ. ಸ್ಕೀ ಕಂಪೆನಿಯಲ್ಲಿ ಅಂಚು ಬಗ್ಗಿಸುವ ಕಾರ್ಮಿಕ ಒಮ್ಮೆಯೂ ಹಿಮದಲ್ಲಿ ಜಾರಿರಬೇಕೆಂದಿಲ್ಲ, ಜಾರುವವನು ಆ ಕಾರ್ಮಿಕನ ಮುಖ ನೋಡಿರುವುದಿಲ್ಲ.

ಮನೆಯಲ್ಲಿ ಸ್ಕೀ ಮಾಡಿಕೊಳ್ಳುವವನಲ್ಲಿ ಈ ಇಬ್ಬರೂ ಮತ್ತೆ ಒಬ್ಬರಾಗುತ್ತಾರೆ. ನಮಗೆ ಇಡೀ ವ್ಯವಹಾರದಲ್ಲಿ ಮುಖ್ಯವೆನಿಸಿದ್ದು ಇದು. ತಿರುವಿನಲ್ಲಿ ಹಲಗೆಯ ಬಾಲ ಜಾರಿತು ಎಂದು ಮೊಣಕಾಲಿಗೆ ಗೊತ್ತಾಗುತ್ತದೆ. ಅದೇ ಸಂಜೆ ಕೈ ಉಜ್ಜುಗೊರಡು ಹಿಡಿಯುತ್ತದೆ. ಮುಂದಿನ ಜೋಡಿಯಲ್ಲಿ ಬಾಲದ ಭಾಗ ಕಾಲು ಮಿಲಿಮೀಟರ್ ದಪ್ಪವಾಗುತ್ತದೆ. ನಡುವೆ ಜಾಹೀರಾತಿಲ್ಲ, ಮಾರಾಟಗಾರನಿಲ್ಲ. ಅಷ್ಟೇ ಅಲ್ಲ, ನೆಪವೂ ಇಲ್ಲ. ಅಂಗಡಿಯ ಸ್ಕೀ ಮುರಿದರೆ ಗ್ಯಾರಂಟಿ ಚೀಟಿ ಇದೆ, ಬೈಯಲು ಕಂಪೆನಿ ಇದೆ. ತಾನೇ ಅಂಟಿಸಿದ ಪದರ ಬಿಟ್ಟುಕೊಂಡು ಹೋಳಾದರೆ ಬೆಟ್ಟು ತೋರಿಸಲು ಯಾರೂ ಇರುವುದಿಲ್ಲ. ದಿನ ಬಳಸುವ ನೂರಾರು ವಸ್ತುಗಳಲ್ಲಿ ಯಾವುದಕ್ಕಾದರೂ ನಾವು ಈ ಅರ್ಥದಲ್ಲಿ ಹೊಣೆಯೇ? ಒಂದಾದರೂ ವಸ್ತುವಿಗೆ ಪೂರ್ತಿ ಹೊಣೆಯಾಗಿ ನೋಡುವ ಅನುಭವ ಮನುಷ್ಯನಿಗೆ ಬೇಕು ಎನ್ನುವುದಾದರೆ, ಅದು ಸ್ಕೀ ಆದರೇನು, ಕುರ್ಚಿಯಾದರೇನು.

ಆದರೆ ಹೊಣೆ ಎಂಬ ಪದವನ್ನು ಇಷ್ಟು ಬೇಗ ಹೊಗಳಿ ಬಿಡಬಾರದು. ಸ್ವಂತ ಮೈಯ ಮೇಲೆ ಪ್ರಯೋಗ ಮಾಡಿಕೊಳ್ಳುವುದು ಒಂದು. ಅದೇ ಹಲಗೆಯನ್ನು ಮಗಳ ಕಾಲಿಗೆ ಕಟ್ಟುವುದು ಇನ್ನೊಂದು. ಗೆಳೆಯನಿಗೆ ಉಡುಗೊರೆ ಕೊಡುವುದು ಮತ್ತೊಂದು. ದಾನಕ್ಕೆ ಬಂದ ದನದ ಹಲ್ಲು ಎಣಿಸಬಾರದು ಎಂಬ ಗಾದೆ ಪಡೆದವನಿಗೆ ಹೇಳಿದ್ದು. ಕೊಟ್ಟವನು ಅದರ ಮರೆಯಲ್ಲಿ ನಿಲ್ಲುವಂತಿಲ್ಲ. ದುಡ್ಡು ತೆಗೆದುಕೊಳ್ಳಲಿಲ್ಲ ಎಂಬ ಕಾರಣಕ್ಕೆ ಬಿರುಕು ಮುಚ್ಚಿಟ್ಟ ಹಲಗೆ ಹಗುರಾಗುವುದಿಲ್ಲ. ಬದಲಿಗೆ, ಉಡುಗೊರೆ ಪಡೆದವನು ಸಂಕೋಚಕ್ಕೆ ಪ್ರಶ್ನೆ ಕೇಳುವುದಿಲ್ಲವಾದ್ದರಿಂದ ಕೊಡುವವನೇ ಆ ಪ್ರಶ್ನೆಗಳನ್ನು ತನಗೆ ಕೇಳಿಕೊಳ್ಳಬೇಕು: ಎಷ್ಟು ಬಾರಿ ಬಗ್ಗಿಸಿ ನೋಡಿದೆ? ಅಂಚು ತಳದಿಂದ ಬಿಡುತ್ತಿದೆಯೇ? ಇದು ಮುರಿದರೆ ಎಲ್ಲಿ ಮುರಿಯುತ್ತದೆ? ಬೆಟ್ಟದಲ್ಲಿ ಕೆಳಗಡೆ ಬೇರೆಯವರೂ ಇರುತ್ತಾರೆ ಎಂಬುದನ್ನು ಮರೆಯುವಂತಿಲ್ಲ. ಕಾಲಿನಿಂದ ಕಳಚಿದ ಸ್ಕೀ ಇಳಿಜಾರಿನಲ್ಲಿ ಒಂಟಿಯಾಗಿ ಓಡಿದರೆ ಅದು ಈಟಿಯೇ.

ಇಲ್ಲಿ ಈ ಜನರ ರೂಢಿಯೊಂದು ನಮಗೆ ಮೆಚ್ಚುಗೆಯಾಯಿತು. ಎಲ್ಲವನ್ನೂ ತಾವೇ ಮಾಡುತ್ತೇವೆಂದು ಹಟ ಹಿಡಿಯುವ ಅವರಲ್ಲಿ ಬಹುಪಾಲು ಜನ ಒಂದು ಭಾಗವನ್ನು ಮಾತ್ರ ಅಂಗಡಿಯಿಂದಲೇ ತರುತ್ತಾರೆ. ಅದು ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್. ಬಿದ್ದಾಗ ಕಾಲು ತಿರುಚುವ ಮೊದಲೇ ಬೂಟನ್ನು ಬಿಟ್ಟುಬಿಡುವುದು ಅದರ ಕೆಲಸ. ಎಷ್ಟು ಬಲಕ್ಕೆ ಬಿಡಬೇಕು ಎಂಬುದನ್ನು ಸವಾರನ ತೂಕ, ವಯಸ್ಸು, ಬೂಟಿನ ಉದ್ದ ನೋಡಿ ನಿಗದಿ ಮಾಡುತ್ತಾರೆ. ಬೇಗ ಬಿಟ್ಟರೂ ಅಪಾಯ, ಬಿಡದಿದ್ದರೂ ಅಪಾಯ. ಈ ತರಹದ ಬೈಂಡಿಂಗ್ ಹುಟ್ಟಿದ್ದೂ ಒಂದು ಮುರಿದ ಕಾಲಿನಿಂದಲೇ. ನಾರ್ವೆಯಿಂದ ಅಮೆರಿಕದ ಓರೆಗಾನಿಗೆ ಬಂದು ನೆಲೆಸಿದ್ದ ಯಾಲ್ಮರ್ ವಾಮ್ ಎಂಬ ಸ್ಕೀಪಟು 1937ರಲ್ಲಿ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾಗ ಅದರ ಕಲ್ಪನೆ ಮೂಡಿತು. ಮನೆಯ ಸ್ಕೀಕಾರ ಅದನ್ನು ಕೊಂಡು ತಂದು, ತಾನು ಮಾಡಿದ ಹಲಗೆಯ ಆ ಭಾಗದಲ್ಲಿ ಸ್ಕ್ರೂ ಕಿತ್ತು ಬರದಂತೆ ಹೆಚ್ಚುವರಿ ಪದರ ಕೊಟ್ಟು ಕೂರಿಸುತ್ತಾನೆ. ತನ್ನ ಕೈಗೆ ಎಟುಕದ್ದು ಎಲ್ಲಿ ಆರಂಭವಾಗುತ್ತದೆ ಎಂದು ತಿಳಿದು ಅಲ್ಲಿ ನಿಲ್ಲುವುದು ಕೈಚಳಕಕ್ಕಿಂತ ದೊಡ್ಡ ವಿವೇಕ. ನಮ್ಮಲ್ಲಿ ಎಷ್ಟೋ ಕಟ್ಟಡಗಳು ಕುಸಿದದ್ದು ಕೈಚಳಕ ಕಡಿಮೆಯಾಗಿ ಅಲ್ಲ, ಈ ನಿಲ್ಲುವಿಕೆ ಇಲ್ಲದ್ದರಿಂದ. ಸ್ನೋಬೋರ್ಡಿನಲ್ಲಿ ಬೂಟು ಹಾಗೆ ಕಳಚುವುದೇ ಇಲ್ಲ. ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿರುತ್ತವೆ. ಅಲ್ಲಿ ಹಲಗೆಯ ಮೇಲೆ ಹೊಣೆ ಇನ್ನೂ ಹೆಚ್ಚು.

ಹಾಗಾದರೆ ಕಾರ್ಖಾನೆ ಖಳನಾಯಕನೇ? ಹಾಗೆ ಹೇಳುವುದಕ್ಕೂ ಇತಿಹಾಸ ಬಿಡುವುದಿಲ್ಲ. ಇಂದಿನ ದೊಡ್ಡ ಕಂಪೆನಿಗಳ ಬಾಗಿಲು ಸರಿಸಿ ಒಳಗೆ ನೋಡಿದರೆ ಗ್ಯಾರೇಜು ಕಾಣುತ್ತದೆ. ಬಾಲ್ಟಿಮೋರಿನ ವಿಮಾನ ಎಂಜಿನಿಯರ್ ಹೋವರ್ಡ್ ಹೆಡ್ 1947ರಲ್ಲಿ, ಮರದ ಸ್ಕೀ ಭಾರವೆಂದು ಬೇಸತ್ತು, ವಿಮಾನದ ರೆಕ್ಕೆಯಂತೆ ಅಲ್ಯೂಮಿನಿಯಮ್ ಹಾಳೆಗಳ ನಡುವೆ ಜೇನುಗೂಡಿನಂತಹ ಪ್ಲಾಸ್ಟಿಕ್ ತಿರುಳಿಟ್ಟು ಅಂಟಿಸಿದ. ಅಂಟು ಒತ್ತಲು ಹಳೆಯ ರೆಫ್ರಿಜರೇಟರಿನ ಪಂಪು ಬಳಸಿದ ಎಂಬ ಕತೆ ಪ್ರಸಿದ್ಧ. ಮೊದಲ ಆರು ಜೋಡಿಗಳೂ ಬೆಟ್ಟದಲ್ಲಿ ಮುರಿದವು. ಮೂರು ವರ್ಷ ಮುರಿದು ಮುರಿದು ಮಾಡಿದ ಮೇಲೆ, 1950ರ ಹೊತ್ತಿಗೆ, ಮುರಿಯದ ಸ್ಕೀ ಬಂತು. ಸ್ನೋಬೋರ್ಡಿನ ಕತೆಯೂ ಹೀಗೆಯೇ. 1965ರ ಕ್ರಿಸ್‌ಮಸ್ ದಿನ ಮಿಶಿಗನ್ನಿನ ಮಸ್ಕೀಗನ್ ಊರಿನಲ್ಲಿ ಶರ್ಮನ್ ಪಾಪೆನ್ ಎಂಬ ತಂದೆ ಹೆಣ್ಣುಮಕ್ಕಳ ಆಟಕ್ಕೆಂದು ಎರಡು ಸ್ಕೀಗಳನ್ನು ಒಟ್ಟಿಗೆ ಜೋಡಿಸಿದ. ಅವನ ಹೆಂಡತಿ ಅದಕ್ಕೆ ಸ್ನರ್ಫರ್ ಎಂದು ಹೆಸರಿಟ್ಟಳು. ಅದನ್ನು ಆಡಿ ಬೆಳೆದ ಜೇಕ್ ಬರ್ಟನ್ ಕಾರ್ಪೆಂಟರ್ 1977ರಲ್ಲಿ ವರ್ಮಾಂಟಿನಲ್ಲಿ ಕೈಯಾರೆ ಹಲಗೆ ಮಾಡಲು ಕುಳಿತ. 1998ರಲ್ಲಿ ನಾಗಾನೊದಲ್ಲಿ ಸ್ನೋಬೋರ್ಡ್ ಒಲಿಂಪಿಕ್ಸ್ ಸೇರಿತು. ಆದರೆ ಟರ್ಕಿಯ ರಿಜೆ ಪ್ರಾಂತದ ಬೆಟ್ಟದ ಹಳ್ಳಿಯೊಂದರಲ್ಲಿ ಜನ ಹಗ್ಗ ಕಟ್ಟಿದ ಹಲಗೆಯ ಮೇಲೆ ನಿಂತು ತಲೆಮಾರುಗಳಿಂದ ಹಿಮದಲ್ಲಿ ಇಳಿಯುತ್ತಿದ್ದಾರೆ. ಅವರ ಹಲಗೆಗೆ ಪೇಟೆಂಟೂ ಇಲ್ಲ, ಕಂಪೆನಿಯೂ ಹುಟ್ಟಲಿಲ್ಲ. ಯಾವ ಗ್ಯಾರೇಜು ಕಾರ್ಖಾನೆಯಾಗುತ್ತದೆ, ಯಾವುದು ಜಾನಪದವಾಗಿ ಉಳಿಯುತ್ತದೆ ಎಂಬುದನ್ನು ಹಲಗೆಯ ಗುಣವೊಂದೇ ತೀರ್ಮಾನಿಸುವುದಿಲ್ಲ.

ಮನೆಯ ಸ್ಕೀಕಾರ 'ಇದು ನನ್ನದು, ನಾನೇ ಮಾಡಿದ್ದು' ಎನ್ನುವಾಗಲೂ ಸ್ವಲ್ಪ ತಡೆದು ಕೇಳಬೇಕು. ಪಾಲಿಥೀನ್ ತಳ ಕಾರ್ಖಾನೆಯದು. ಉಕ್ಕಿನ ಅಂಚು, ಗಾಜಿನ ಬಟ್ಟೆ, ಅಂಟು ಎಲ್ಲವೂ ಕೊಂಡದ್ದು. ಅಲ್ತಾಯಿನ ಮುದುಕನ ಸ್ಕೀ ಮಣ್ಣಿಗೆ ಸೇರುತ್ತದೆ. ಈ ಪದರದ ಸ್ಕೀಯನ್ನು ಬಿಡಿಸಿ ಮರುಬಳಕೆ ಮಾಡುವುದು ಬಹಳ ಕಷ್ಟ. ತಳಕ್ಕೆ ಬಳಿಯುತ್ತಿದ್ದ ಫ್ಲೋರಿನ್ ಮೇಣ ಮಣ್ಣು ನೀರಿನಲ್ಲಿ ಕರಗದೆ ಉಳಿಯುವ ವಿಷವೆಂದು 2023-24ರ ಋತುವಿನಿಂದ ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅದನ್ನು ಪೂರ್ತಿ ನಿಷೇಧಿಸಬೇಕಾಯಿತು. ಕೈಯಿಂದ ಮಾಡಿದ್ದೆಲ್ಲ ನಿಸರ್ಗಕ್ಕೆ ಹತ್ತಿರ ಎಂಬ ನಂಬಿಕೆಗೆ ಆಧಾರವಿಲ್ಲ. ಹಾಗಿದ್ದೂ ಒಂದು ವ್ಯತ್ಯಾಸ ಉಳಿಯುತ್ತದೆ. ಮಾಡಿದವನಿಗೆ ರಿಪೇರಿ ಗೊತ್ತು. ಅಂಚು ಬಿಟ್ಟರೆ ಎಲ್ಲಿ ಬಿಡಿಸಿ ಎಲ್ಲಿ ಅಂಟಿಸಬೇಕೆಂದು ಅವನ ಕೈ ಬಲ್ಲದು. ಡಿಗರ್‌ವಾರ್ಡೆನ್ನಿನ ಅನಾಮಿಕನಿಗೂ ಅವನಿಗೂ ಇರುವ ನೆಂಟಸ್ತಿಕೆ ಇದರಲ್ಲಿದೆ.

ಅವನು ಕಲಿತದ್ದೂ ಒಬ್ಬನೇ ಅಲ್ಲ. ಪ್ರೆಸ್ಸಿನ ನಕ್ಷೆ, ಅಂಚು ಬಗ್ಗಿಸುವ ಉಪಾಯ, ಯಾವ ಮರ ಎಲ್ಲಿ ಬಿರಿಯುತ್ತದೆ ಎಂಬ ವಿವರ, ಇವನ್ನೆಲ್ಲ ಇವರು ಒಬ್ಬರಿಗೊಬ್ಬರು ಪುಕ್ಕಟೆಯಾಗಿ ಹಂಚಿಕೊಳ್ಳುತ್ತಾರೆ. ಒಬ್ಬನ ಮುರಿದ ಹಲಗೆ ಇನ್ನೊಬ್ಬನಿಗೆ ಪಾಠ. ಇದನ್ನೆಲ್ಲ ಗುಟ್ಟಾಗಿಟ್ಟುಕೊಂಡಿದ್ದರೆ ಪ್ರತಿಯೊಬ್ಬನೂ ಹೆಡ್‌ನಂತೆ ಆರು ಜೋಡಿ ಮುರಿಯಬೇಕಾಗಿತ್ತು. ಜ್ಞಾನಕ್ಕೆ ಬೇಲಿ ಹಾಕುವುದೇ ವ್ಯಾಪಾರದ ಧರ್ಮವಾಗಿರುವಾಗ ಈ ಔದಾರ್ಯ ಸಣ್ಣದಲ್ಲ. ಆದರೆ ಬಾಮಿಯಾನಿನ ಹುಡುಗನ ತನಕ ಆ ನಕ್ಷೆ ಹೋಗುತ್ತದೆಯೇ, ಹೋದರೂ ಎಪಾಕ್ಸಿ ಕೊಳ್ಳಲು ಅವನಲ್ಲಿ ಏನಿದೆ ಎಂದು ಕೇಳದೆ ಇರಲಾಗುವುದಿಲ್ಲ.

ಈ ಹಂಚಿಕೆಯ ಬುಡದಲ್ಲಿ ಒಬ್ಬ ಬಡ ರೈತನಿದ್ದಾನೆ. ಸೋಂದ್ರೆ ನೂರ್‌ಹೈಮ್ 1825ರಲ್ಲಿ ನಾರ್ವೆಯ ತೆಲೆಮಾರ್ಕಿನ ಮೊರ್ಗೆದಾಲಿನಲ್ಲಿ ಹುಟ್ಟಿದ. ಅನ್ಯರ ನೆಲದಲ್ಲಿ ಒಕ್ಕಲಾಗಿದ್ದವನು. ಕುಣಿದು ತಿರುಗಲು ಬರುವಂತೆ ತನ್ನ ಸ್ಕೀಯ ನಡುವನ್ನು ತುಸು ಕಿರಿದು ಮಾಡಿ, ಹಿಮ್ಮಡಿಯ ಸುತ್ತ ಹೊಸೆದ ಬೇರಿನ ಬಿಗಿ ಹಾಕಿದ. 1868ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಸುಮಾರು 200 ಕಿಲೋಮೀಟರ್ ದೂರದ ಕ್ರಿಸ್ತಿಯಾನಿಯಾಕ್ಕೆ, ಅಂದರೆ ಇಂದಿನ ಓಸ್ಲೋಗೆ, ಹೋಗಿ ಅಲ್ಲಿನ ಸ್ಪರ್ಧೆಯಲ್ಲಿ ಎಲ್ಲರನ್ನೂ ಬೆರಗುಗೊಳಿಸಿದ. ಸ್ಕೀಯನ್ನು ಓರೆ ಮಾಡಿ ಭಾರ ಹಾಕಿದಾಗ ಆ ಕಿರಿದಾದ ನಡು ಬಾಗಿ, ಹಲಗೆ ತಾನಾಗಿಯೇ ಕಮಾನಿನಂತೆ ತಿರುಗುತ್ತದೆ. ಇಂದು ಗ್ಯಾರೇಜಿನಲ್ಲಿ ಪೆನ್ಸಿಲ್ ಹಿಡಿದು ಸ್ಕೀಯ ಅಂಚಿನ ವಕ್ರರೇಖೆ ಎಳೆಯುವವನೂ, ಕಾರ್ಖಾನೆಯಲ್ಲಿ ಕಂಪ್ಯೂಟರಿನಲ್ಲಿ ಎಳೆಯುವವನೂ ಎಳೆಯುತ್ತಿರುವುದು ಅವನ ಗೆರೆಯನ್ನೇ. 1884ರಲ್ಲಿ ಅವನು ಸಂಸಾರ ಕಟ್ಟಿಕೊಂಡು ಹೊಟ್ಟೆಪಾಡಿಗೆ ಅಮೆರಿಕಕ್ಕೆ ಹೋದ. ಕೊನೆಗೆ ನೆಲೆಸಿದ್ದು ಉತ್ತರ ಡಕೋಟಾದ ಚಪ್ಪಟೆ ಬಯಲಿನಲ್ಲಿ, ಇಳಿಯಲು ಬೆಟ್ಟವೇ ಇಲ್ಲದ ಕಡೆ. ಅಲ್ಲಿಯೂ ಮನೆಯ ಬಾಗಿಲ ಬಳಿ ಒಂದು ಜೊತೆ ಸ್ಕೀ ಇಟ್ಟುಕೊಂಡಿದ್ದ ಎಂದು ಹೇಳುತ್ತಾರೆ. 1897ರಲ್ಲಿ ತೀರಿಕೊಂಡ. ಓಸ್ಲೋದಲ್ಲಿ 1952ರ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಜ್ಯೋತಿಯನ್ನು ಹಚ್ಚಿದ್ದು ಮೊರ್ಗೆದಾಲಿನ ಅವನ ಹಳೆಯ ಮನೆಯ ಒಲೆಯಲ್ಲಿ. ಆ ಹೊತ್ತಿಗೂ ಡಕೋಟಾದ ಬಯಲಿನ ಅವನ ಸಮಾಧಿಯ ಮೇಲೆ ಹೆಸರಿನ ಕಲ್ಲು ಇರಲಿಲ್ಲ.